ಏರಿಯಿಲ್ಲದ ಕೆರೆಯ ದಂಡೆಯಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಷಿಕಾಗೋ ಸುತ್ತಮುತ್ತ ನೆಲೆಸಿರುವ ನಾವು ಊರಿನಿಂದ ಹಿರಿಯರು ಬಂದ ಕೂಡಲೇ ನಯಾಗರಾ ಜಲಪಾತಕ್ಕೆ ಹೊರಡುವ ಸಿದ್ಧತೆ ಮಾಡುತ್ತೇವೆ. ಇಡೀ ಒಂದು ದಿನ ಕಾರಿನಲ್ಲಿ ಕುಳಿತು, ಮೊಣಕಾಲು ನೋವಿನ ಅತ್ತೆ ಮಾವಂದಿರನ್ನೂ ಕೂರಿಸಿ, ಅಲ್ಲಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಗರದಿಂದ ವಾಯವ್ಯಕ್ಕೆ ಒಂದು, ಒಂದೂಕಾಲು ಗಂಟೆಯ ದಾರಿಯಲ್ಲಿ, ಮೆಕ್‌ಹೆನ್ರಿ ಕೌಂಟಿಯಲ್ಲಿರುವ ಮೊರೇನ್ ಹಿಲ್ಸ್ ಸ್ಟೇಟ್ ಪಾರ್ಕಿನ ಹೆಸರು ಹೇಳಿದರೆ ನಮ್ಮವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ನೋಡುವುದಕ್ಕೆ ಏನಿದೆ?’ ಇಂದು ನಾನು ಮಾತನಾಡಬೇಕೆಂದಿರುವುದು ಆ ಪ್ರಶ್ನೆಯ ಬಗ್ಗೆ, ಏಕೆಂದರೆ ಅದು ಕೇಳುವುದಕ್ಕೆ ಎಷ್ಟು ಮುಗ್ಧವಾಗಿದೆಯೋ ಅಷ್ಟೇ ಹಾನಿ ಮಾಡಿದ ಪ್ರಶ್ನೆ.

ಹೋದ ವರ್ಷ ಹಾವೇರಿಯಿಂದ ಬಂದಿದ್ದ ನನ್ನ ಮಾವನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಪಾರ್ಕಿನ ನಡುವೆ ಡಿಫೈಯನ್ಸ್ ಎಂಬ ಸರೋವರವಿದೆ, ಸುಮಾರು 48 ಎಕರೆಯದು. ಅದರ ಮುಂದೆ ಅವರು ಬಹಳ ಹೊತ್ತು ನಿಂತರು. ಬದುಕಿಡೀ ಕೆರೆಯ ನೀರಿನಲ್ಲಿ ಬೇಸಾಯ ಮಾಡಿದ ಮನುಷ್ಯ ಸುತ್ತಲೂ ಕಣ್ಣಾಡಿಸಿ ಕೇಳಿದರು: ‘ತಂಗಿ, ಈ ಕೆರಿ ಏರಿ ಎಲ್ಲೈತಿ? ಕೋಡಿ ಎಲ್ಲೈತಿ? ಯಾರು ಕಟ್ಟಿಸಿದ್ದು?’ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ಸರೋವರದ ಮುಂದೆ ನಿಂತು ಯಾರೂ ಕೇಳಲಾರರು ಎಂದು ನನಗೆ ಈಗಲೂ ಅನ್ನಿಸುತ್ತದೆ. ನಮ್ಮ ನಾಡಿನಲ್ಲಿ ಕೆರೆ ಎಂದರೆ ಯಾರೋ ಕಟ್ಟಿಸಿದ್ದು. ಅದಕ್ಕೊಂದು ಏರಿ, ಒಂದು ತೂಬು, ಒಂದು ಕೋಡಿ, ಕಟ್ಟಿಸಿದವರ ಹೆಸರಿನ ಒಂದು ಶಾಸನ. ಇಲ್ಲಿ ಅವು ಯಾವುದೂ ಇಲ್ಲ.

ಈ ಸರೋವರವನ್ನು ಮಾಡಿದ್ದು ಹಿಮ. ಸುಮಾರು 15,000 ವರ್ಷಗಳ ಹಿಂದೆ, ಉತ್ತರದಿಂದ ಹರಿದು ಬಂದು ಈ ನೆಲವನ್ನು ಮುಚ್ಚಿದ್ದ ಹಿಮನದಿ ಕರಗುತ್ತ ಹಿಂದೆ ಸರಿಯತೊಡಗಿತು. ಹಾಗೆ ಸರಿಯುವಾಗ ಅದು ದೂರದಿಂದ ಹೊತ್ತು ತಂದಿದ್ದ ಕಲ್ಲು, ಮರಳು, ಜಲ್ಲಿಯನ್ನೆಲ್ಲ ರಾಶಿ ರಾಶಿಯಾಗಿ ಬಿಟ್ಟು ಹೋಯಿತು. ಆ ರಾಶಿಗೆ ಮೊರೇನ್ ಎಂದು ಹೆಸರು, ಪಾರ್ಕಿಗೆ ಹೆಸರು ಬಂದದ್ದೂ ಅದರಿಂದಲೇ. ನಾವು ಹತ್ತಿ ಇಳಿಯುವ ಸಣ್ಣ ಗುಡ್ಡಗಳು ಆ ಜಲ್ಲಿಯ ಗುಪ್ಪೆಗಳು. ಅಲ್ಲಲ್ಲಿ ಹಿಮನದಿಯಿಂದ ಕಳಚಿಕೊಂಡ ದೊಡ್ಡ ದೊಡ್ಡ ಹಿಮದ ಗಡ್ಡೆಗಳು ಜಲ್ಲಿಯಲ್ಲಿ ಹೂತು ಉಳಿದವು. ಅವು ನಿಧಾನವಾಗಿ ಕರಗಿದಾಗ ಮೇಲಿನ ಮಣ್ಣು ಕುಸಿದು ಗುಂಡಿಯಾಯಿತು, ಗುಂಡಿಯಲ್ಲಿ ನೀರು ನಿಂತಿತು. ಭೂವಿಜ್ಞಾನಿಗಳು ಇಂಥ ಗುಂಡಿಯನ್ನು ಕೆಟಲ್ ಎನ್ನುತ್ತಾರೆ. ಇದನ್ನೆಲ್ಲ ನನಗೆ ತಿಳಿದಂತೆ ವಿವರಿಸಿದಾಗ ಮಾವನವರು ಮರದ ಕಟಾಂಜನ ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದರು.

ಸುಮಾರು 2,200 ಎಕರೆಯ ಈ ಪಾರ್ಕಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜಾಗ ನೀರು ಮತ್ತು ಜೌಗು. ಲೆದರ್‌ಲೀಫ್ ಬಾಗ್ ಎಂಬ ಕಡೆ ಹೋದರೆ ನೆಲವೆಂದು ತೋರುವುದು ನೆಲವಲ್ಲ: ಸ್ಫ್ಯಾಗ್ನಮ್ ಎಂಬ ಪಾಚಿ ಸಾವಿರಾರು ವರ್ಷ ಪದರದ ಮೇಲೆ ಪದರವಾಗಿ ಬೆಳೆದು, ನೀರಿನ ಮೇಲೆ ತೇಲುವ ಚಾಪೆಯಂತೆ ಹರಡಿದೆ, ಅದರ ಮೇಲೆ ಗಿಡಗಳು ಬೇರು ಬಿಟ್ಟಿವೆ, ಸುತ್ತ ಕಂದಕದಂತೆ ತೆರೆದ ನೀರಿದೆ. ನಮ್ಮಲ್ಲಿ ಹಿರಿಯರು ಹುದುಲು ಎಂದು ಕರೆಯುತ್ತಿದ್ದದ್ದಕ್ಕೆ ಇದು ಬಹಳ ಹತ್ತಿರ. ಡಿಫೈಯನ್ಸ್ ಸರೋವರದ ದಂಡೆಯೂ ಹೀಗೆಯೇ ಅರೆಕೊಳೆತ ಸಸ್ಯಗಳ ಪದರ, ಕಾಲಿಟ್ಟರೆ ಕುಸಿಯುತ್ತದೆ. ಆದ್ದರಿಂದ ಮಲೆನಾಡಿನ ಸಂಕದಂತೆ ಹಲಗೆ ಹಾಸಿದ ಕಾಲುದಾರಿಯಲ್ಲೇ ನಡೆಯಬೇಕು.

ಪೈಕ್ ಮಾರ್ಷ್ ಎಂಬ ಇನ್ನೊಂದು ಜೌಗಿನಲ್ಲಿ ಹೂಜಿ ಗಿಡಗಳಿವೆ. ಶಾಲೆಯ ಪಠ್ಯಪುಸ್ತಕದಲ್ಲಿ ಚಿತ್ರ ನೋಡಿ, ಎಲ್ಲೋ ದೂರದ ಕಾಡಿನಲ್ಲಿರುತ್ತದೆಂದು ನಾವೆಲ್ಲ ಭಾವಿಸಿದ್ದ ಕೀಟಾಹಾರಿ ಸಸ್ಯ ಮೆಕ್ಕೆಜೋಳದ ಹೊಲಗಳ ನಡುವಿನ ಇಲಿನಾಯ್ ರಾಜ್ಯದಲ್ಲಿ ಬೆಳೆಯುತ್ತದೆ! ಅದರ ಜೊತೆಗೆ ಬ್ಲ್ಯಾಡರ್‌ವರ್ಟ್ ಎಂಬ, ನೀರಿನೊಳಗಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿಯುವ ಗಿಡವೂ ಇದೆ. ನಾನು ಉಡುಪಿ ಕಡೆಯವಳು. ಮಳೆಗಾಲದಲ್ಲಿ ನಮ್ಮ ಮುರಕಲ್ಲಿನ ಪದವುಗಳ ಮೇಲೆ, ತೆಳುವಾಗಿ ನೀರು ನಿಂತಲ್ಲಿ, ನೀಲಿ ನೇರಳೆ ಬಣ್ಣದ ಪುಟ್ಟ ಹೂಗಳು ಹಾಸಿದಂತೆ ಅರಳುತ್ತವೆಯಲ್ಲ, ಅವುಗಳಲ್ಲಿ ಹಲವು ಇದೇ ಕುಲಕ್ಕೆ, ಯುಟ್ರಿಕ್ಯುಲೇರಿಯಾಕ್ಕೆ ಸೇರಿದವು. ಎರಡು ಕಡೆಯೂ ಕಾರಣ ಒಂದೇ: ನೀರಿದೆ, ಆದರೆ ಸಾರವಿಲ್ಲ, ಮಣ್ಣು ಕೊಡದ ಸಾರಜನಕವನ್ನು ಗಿಡ ಕೀಟಗಳಿಂದ ಪಡೆಯುತ್ತದೆ. ಆ ಪದವುಗಳನ್ನೂ ನಾವು ‘ಏನೂ ಬೆಳೆಯದ ಜಾಗ’ ಎಂದೇ ಕರೆಯುತ್ತ ಬಂದಿದ್ದೇವೆ ಎಂಬುದು ಇಲ್ಲಿ ನಿಂತಾಗ ನೆನಪಾಗಿ ನೋವಾಯಿತು.

ಈಗ ‘ನೋಡುವುದಕ್ಕೆ ಏನಿದೆ’ ಎಂಬ ಪ್ರಶ್ನೆಗೆ ಬರುತ್ತೇನೆ. ಈ ದೇಶದಲ್ಲಿ ಆ ಪ್ರಶ್ನೆಯನ್ನು ಮೊದಲು ಕೇಳಿದ್ದು ಪ್ರವಾಸಿಗರಲ್ಲ, ಸರ್ಕಾರ. 1850ರ ಜೌಗುನೆಲ ಕಾಯ್ದೆ ಒಕ್ಕೂಟದ ಸ್ವಾಮ್ಯದಲ್ಲಿದ್ದ ಜೌಗುಗಳನ್ನು ಇಲಿನಾಯ್ ಸೇರಿದಂತೆ ಹಲವು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಉದ್ದೇಶ ಒಂದೇ, ನೀರು ಬಸಿದು ಹೊಲ ಮಾಡುವುದು. ರೈತರು ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಮೈಲಿಗಟ್ಟಲೆ ಹೂತು, ನಿಂತ ನೀರನ್ನು ಕಾಲುವೆಗಳಿಗೆ ಹರಿಸಿದರು. 1780ರ ದಶಕಕ್ಕೂ 1980ರ ದಶಕಕ್ಕೂ ನಡುವೆ ಇಲಿನಾಯ್ ತನ್ನ ಜೌಗುಭೂಮಿಯಲ್ಲಿ ಸುಮಾರು ಶೇಕಡಾ 85ರಷ್ಟನ್ನು ಕಳೆದುಕೊಂಡಿತು. ಆ ರೈತರನ್ನು ನಾನು ದೂರುವುದಿಲ್ಲ, ಅವರಿಗೆ ಅನ್ನ ಬೇಕಿತ್ತು, ಆ ಹೊಲಗಳ ಬೆಳೆಯನ್ನು ನಾವೂ ಉಣ್ಣುತ್ತೇವೆ. ಆದರೆ ಮಳೆನೀರನ್ನು ಹಿಡಿದಿಟ್ಟು ಫಾಕ್ಸ್ ನದಿಯಂಥ ನದಿಗಳ ನೆರೆಯನ್ನು ತಗ್ಗಿಸುತ್ತಿದ್ದ, ಇಂಗಾಲವನ್ನು ತನ್ನೊಳಗೆ ಹೂತಿಟ್ಟುಕೊಂಡಿದ್ದ ನೆಲಕ್ಕೆ ‘ಪ್ರಯೋಜನವಿಲ್ಲದ ಜಾಗ’ ಎಂಬ ಹೆಸರಿಟ್ಟದ್ದರಿಂದಲೇ ಅದನ್ನು ಅಳಿಸುವುದು ಸುಲಭವಾಯಿತು.

ಅದು ಹಳೆಯ ಕಥೆ ಎಂದು ದಯವಿಟ್ಟು ತಿಳಿಯಬೇಡಿ. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ನದಿ, ಸರೋವರಗಳಂಥ ಜಲಮೂಲಗಳೊಂದಿಗೆ ಮೇಲ್ಮೈಯಲ್ಲಿ ನಿರಂತರವಾಗಿ ಕೂಡಿಕೊಂಡಿರುವ ಜೌಗುಗಳಿಗೆ ಮಾತ್ರ ಒಕ್ಕೂಟದ ಸ್ವಚ್ಛ ಜಲ ಕಾಯ್ದೆಯ ರಕ್ಷಣೆ ಸಿಗುತ್ತದೆ. ಹಿಮದ ಗಡ್ಡೆ ಕರಗಿ ಆದ ಗುಂಡಿಗಳನ್ನು ನೆನೆಯಿರಿ: ಅವುಗಳಲ್ಲಿ ಎಷ್ಟೋ ಗುಂಡಿಗಳಿಗೆ ಒಳಹರಿವೂ ಇಲ್ಲ, ಹೊರಹರಿವೂ ಇಲ್ಲ, ಅಂತರ್ಜಲದ ಮೂಲಕವಷ್ಟೇ ಸುತ್ತಲಿನ ನೀರಿನೊಂದಿಗೆ ನಂಟು. ಆ ನಂಟು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ. ಪಾರ್ಕಿನ ಬೇಲಿಯೊಳಗಿನ ಜೌಗುಗಳು ರಾಜ್ಯದ ಸೊತ್ತಾದ್ದರಿಂದ ಉಳಿದಾವು. ಬೇಲಿಯಾಚೆ, ಯಾವುದೋ ಖಾಲಿ ನಿವೇಶನದ ಮೂಲೆಯಲ್ಲಿ ಜೊಂಡು ಬೆಳೆದು ನಿಂತಿರುವ ಅದೇ ವಯಸ್ಸಿನ ಹೊಂಡಗಳ ಬಗ್ಗೆ ನನಗೆ ನಿಜವಾಗಿಯೂ ಆತಂಕವಿದೆ. ಈ ತೀರ್ಪು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಲ್ಲಿ ಮತದಾನದ ಹಕ್ಕಿರುವ ಕನ್ನಡಿಗರು ತಮ್ಮ ಕೌಂಟಿಯ ಮತ್ತು ರಾಜ್ಯದ ಪ್ರತಿನಿಧಿಗಳಿಗೆ ಈ ವಿಷಯವಾಗಿ ಒಂದು ಪತ್ರವನ್ನಾದರೂ ಬರೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಇದೇ ಸೀಮೆಯ ವೋಲೋ ಬಾಗ್ ಎಂಬ ಹುದುಲು ಇಂದು ಉಳಿದಿದ್ದರೆ ಅದಕ್ಕೆ 1958ರಲ್ಲಿ ಶಾಲಾಮಕ್ಕಳೂ ಸೇರಿದಂತೆ ಸಾಮಾನ್ಯ ಜನರು ಕೊಟ್ಟ ಹಣದಿಂದ ಆ ನೆಲವನ್ನು ಕೊಂಡದ್ದೇ ಕಾರಣ. ಮಕ್ಕಳ ಕೈಯಲ್ಲಿ ಆದದ್ದು ನಮ್ಮಿಂದ ಆಗದೇ?

ಹೋಗುವವರಿಗೆ ಕೆಲವು ಮಾತು. ಪ್ರವೇಶ ಶುಲ್ಕವಿಲ್ಲ. ಜಲ್ಲಿ ಹಾಸಿದ ದಾರಿಗಳೆಲ್ಲ ಸೇರಿ ಸುಮಾರು 10 ಮೈಲಿ. ಹಿರಿಯರಿದ್ದರೆ ಡಿಫೈಯನ್ಸ್ ದಂಡೆಯ ಹಲಗೆದಾರಿಯೇ ಸಾಕು. ಬೇಸಿಗೆಯಲ್ಲಿ ಸೊಳ್ಳೆಯ ಕಾಟವಿದೆ, ಹುಲ್ಲಿನಲ್ಲಿ ಉಣುಗುಗಳಿವೆ, ಆದ್ದರಿಂದ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಇರಲಿ. ಫೋಟೋಕ್ಕಾಗಿ ಹಲಗೆಯಿಂದ ಕೆಳಗಿಳಿಯಬೇಡಿ. ಅಪಾಯ ನಿಮಗೆ ಮಾತ್ರವಲ್ಲ, ಒಂದು ಹೆಜ್ಜೆಗೆ ಹರಿದ ಪಾಚಿ ಕೂಡಿಕೊಳ್ಳಲು ವರ್ಷಗಳು ಬೇಕು. ಊಟದ ಬುತ್ತಿ ಕಟ್ಟಿಕೊಂಡು ಹೋಗಿ, ಆದರೆ ಸ್ಪೀಕರನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ಕೈಮುಗಿದು ಕೇಳುತ್ತೇನೆ. ವಸಂತದ ಮುಂಜಾನೆ ಅಲ್ಲಿ ಮರಳುಗುಡ್ಡದ ಕ್ರೌಂಚಗಳ, ಅಂದರೆ ಸ್ಯಾಂಡ್‌ಹಿಲ್ ಕ್ರೇನ್‌ಗಳ ಕೂಗು ಮೈಲಿಯಾಚೆಯಿಂದ ಕೇಳಿಸುತ್ತದೆ. ಜೌಗು ಬತ್ತಿದಂತೆ ಇಲಿನಾಯ್‌ನಲ್ಲಿ ಗೂಡು ಕಟ್ಟುವುದನ್ನೇ ನಿಲ್ಲಿಸಿದ್ದ ಆ ಹಕ್ಕಿಗಳು ನೂರು ವರ್ಷಕ್ಕೂ ಮೀರಿದ ಅಂತರದ ನಂತರ, 1979ರಲ್ಲಿ, ರಾಜ್ಯದ ಈ ಈಶಾನ್ಯ ಮೂಲೆಗೆ ಮರಳಿ ಬಂದವು.

ಮಾವನವರು ಊರಿಗೆ ಹಿಂದಿರುಗಿ ಈಗ ಹಲವು ತಿಂಗಳಾಯಿತು. ಜನವರಿಯಲ್ಲಿ ಫೋನ್ ಮಾಡಿದ್ದಾಗ ನಯಾಗರಾದ ಮಾತು ಅವರು ಎತ್ತಲಿಲ್ಲ. ‘ಆ ಏರಿ ಇಲ್ಲದ ಕೆರಿ ಹೆಪ್ಪುಗಟ್ಟೈತೇನು?’ ಎಂದು ಕೇಳಿದರು. ಮಾರನೆಯ ಶನಿವಾರ ಹೋಗಿ ನೋಡಿ, ಹೌದು, ದಂಡೆಯಿಂದ ದಂಡೆಗೆ ಗಟ್ಟಿಯಾಗಿದೆ, ಜೊಂಡಿನ ಬುಡದಲ್ಲಿ ಮಾತ್ರ ಸ್ವಲ್ಪ ನೀರು ಕಾಣುತ್ತಿದೆ ಎಂದು ತಿಳಿಸಿದೆ.