ಗೇಟಿನ ಮೇಲೆ ಬರೆದ ಇಸವಿ: ಹಾಟ್ ರಾಡ್ ಮೇಳಗಳಲ್ಲಿ ಒಳಗಿನವರು, ಹೊರಗಿನವರು

ಮಾನ್ಯರೇ,

1970ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ, ಹಳೆಯ ಕಾರುಗಳನ್ನು ತಮಗೆ ಬೇಕಾದಂತೆ ಬದಲಾಯಿಸಿ ಓಡಿಸುವವರ, ಅಂದರೆ ಹಾಟ್ ರಾಡಿನವರ, ಮೊದಲ ರಾಷ್ಟ್ರೀಯ ಮೇಳ ಸೇರಿತು. ಅದೇ ವರ್ಷ ಹುಟ್ಟಿದ ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್ ದಶಕಗಳ ಕಾಲ ಪಾಲಿಸಿಕೊಂಡು ಬಂದ ನಿಯಮ ಬಹಳ ಚಿಕ್ಕದು: ಕಾರು 1948ರ ಅಥವಾ ಅದಕ್ಕೂ ಹಿಂದಿನ ಮಾದರಿಯದಾಗಿರಬೇಕು. ಈ ನಿಯಮವನ್ನು ಕೇಳಿದವರಿಗೆ ಅದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಅಮೆರಿಕದಲ್ಲಿ ಕಸ್ಟಮ್ ಕಾರು ಎಂದೊಡನೆ ಕಣ್ಣಿಗೆ ಕಟ್ಟುವ ಕಾರು ಫೋರ್ಡ್ ಕಂಪನಿಯದೇ ಆದ, 1949ರಿಂದ 1951ರವರೆಗಿನ ಮರ್ಕ್ಯುರಿ. ಛಾವಣಿಯನ್ನು ಕೊಯ್ದು ತಗ್ಗಿಸಿ, ಕೀಲು, ಹಿಡಿ, ಅಲಂಕಾರಗಳನ್ನೆಲ್ಲ ಕಿತ್ತು, ಆ ತೂತುಗಳನ್ನು ಸೀಸ ತುಂಬಿ ನುಣುಪಾಗಿಸಿ, ನೆಲಕ್ಕೆ ತಾಗುವಷ್ಟು ಇಳಿಸಿದ ಈ ಕಾರು ಒಂದೇ ಒಂದು ವರ್ಷದ ಅಂತರದಿಂದ ಗೇಟಿನ ಹೊರಗೆ ಉಳಿಯಿತು. ಹಾಗೆ ಉಳಿದವರು 1980ರಲ್ಲಿ ಕಸ್ಟಮ್ ಕೆಂಪ್ಸ್ ಆಫ್ ಅಮೆರಿಕ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಸಂಘ ಕಟ್ಟಿದವರು ಮಾಡಿದ ಮೊದಲ ಕೆಲಸಗಳಲ್ಲಿ ತಮ್ಮದೇ ಒಂದು ಗೇಟು ನಿಲ್ಲಿಸುವುದೂ ಸೇರಿತ್ತು: 1964ರ ನಂತರದ ಕಾರುಗಳಿಗೆ ಅಲ್ಲಿ ಜಾಗವಿರಲಿಲ್ಲ.

1948 ಎಂಬ ಇಸವಿಯನ್ನು ಯಾರೋ ಕಣ್ಣುಮುಚ್ಚಿ ಆರಿಸಿದ್ದಲ್ಲ ಎಂಬುದನ್ನು ಮೊದಲಿಗೇ ಒಪ್ಪಬೇಕು. ಅಲ್ಲಿಯವರೆಗಿನ ಫೋರ್ಡ್ ಕಾರುಗಳಲ್ಲಿ ಮಡ್‌ಗಾರ್ಡುಗಳು ಮೈಯಿಂದ ಬೇರೆಯಾಗಿ ಎದ್ದು ಕಾಣುತ್ತಿದ್ದವು. ಮುಂದಿನ ಚಕ್ರಗಳನ್ನು ಒಂದೇ ಗಟ್ಟಿ ಎಕ್ಸಲ್ ಹಿಡಿದಿತ್ತು. ನಮ್ಮ ಲಾರಿಗಳಲ್ಲಿ ಇಂದಿಗೂ ಕಾಣುವ ಪಟ್ಟಿ ಸ್ಪ್ರಿಂಗನ್ನು ಅಲ್ಲಿ ಅಡ್ಡಲಾಗಿ ಕೂರಿಸಿದ್ದರು. 1949ರ ಫೋರ್ಡ್ ಇವೆಲ್ಲವನ್ನೂ ಒಟ್ಟಿಗೇ ಬಿಟ್ಟಿತು. ಮಡ್‌ಗಾರ್ಡು ಮೈಯೊಳಗೆ ಕರಗಿತು, ಮುಂದಿನ ಎರಡು ಚಕ್ರಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಕುಣಿಯತೊಡಗಿದವು. ಗುಜರಿಯಿಂದ ತಂದು, ಮಡ್‌ಗಾರ್ಡು ಬಿಚ್ಚಿ ಎಸೆದು, ತೂಕ ಇಳಿಸಿ, ಎಂಜಿನ್ ಬದಲಿಸಿ ಓಡಿಸುವುದೇ ಹಾಟ್ ರಾಡ್‌ನ ಕಸುಬಾದ್ದರಿಂದ, ಬಿಚ್ಚಲು ಬಾರದ ಮಡ್‌ಗಾರ್ಡಿನ ಕಾರು ಬೇರೆ ಜಾತಿಯದೆಂದು ಅವರಿಗೆ ತೋರಿದ್ದು ಸಹಜ. (ಬೆಂಗಳೂರಿನ ಗ್ಯಾರೇಜುಗಳಲ್ಲಿ ಕೈ ಮಸಿ ಮಾಡಿಕೊಂಡವರು ಈ ಸಭೆಯಲ್ಲಿದ್ದರೆ ಅವರಿಗೆ ತಿಳಿದಿರುತ್ತದೆ: ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಡೆಯುತ್ತದೆ. ನಮ್ಮಲ್ಲಿ ಮೇಳದ ಗೇಟಿನವರೆಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.)

ಈ ಜನ ತಾವೇ ಹೊರಗಿನವರಾಗಿ ಶುರುಮಾಡಿದವರು. ದಕ್ಷಿಣ ಕ್ಯಾಲಿಫೋರ್ನಿಯದ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಗಳ ಬಯಲಿನಲ್ಲಿ ಓಡುತ್ತಿದ್ದ ಹುಡುಗರು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡರು. ಯುದ್ಧ ಮುಗಿದು ಅವರು ಮರಳಿದ ಮೇಲೆ ಪತ್ರಿಕೆಗಳ ಪಾಲಿಗೆ ಹಾಟ್ ರಾಡ್ ಎಂಬುದು ಬೀದಿ ಪುಂಡರ ಇನ್ನೊಂದು ಹೆಸರಾಗಿತ್ತು. 1948ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಅವರು ಏರ್ಪಡಿಸಿದ ಪ್ರದರ್ಶನದ ಉದ್ದೇಶವೇ ತಾವು ಪುಂಡರಲ್ಲ, ಕುಶಲಿಗಳು ಎಂದು ಊರಿಗೆ ತೋರಿಸುವುದಾಗಿತ್ತು. ರಾಬರ್ಟ್ ಪೀಟರ್ಸನ್ ಹೊರತಂದ 'ಹಾಟ್ ರಾಡ್' ಮಾಸಪತ್ರಿಕೆಯ ಮೊದಲ ಸಂಚಿಕೆ ಮಾರಾಟವಾದದ್ದೂ ಅಲ್ಲೇ. ಪ್ರದರ್ಶನ ಎಂಬುದು ಅಲ್ಲಿ ಒಳಗೆ ಬರಲು ಅನುಮತಿ ಕೇಳುವ ವಿನಂತಿಪತ್ರವಾಗಿ ಹುಟ್ಟಿತು.

ಎರಡು ವರ್ಷಗಳ ನಂತರ, 1950ರಲ್ಲಿ, ಓಕ್‌ಲೆಂಡ್‌ನ ಪ್ರದರ್ಶನದಲ್ಲಿ 'ಅಮೆರಿಕದ ಅತಿ ಸುಂದರ ರೋಡ್‌ಸ್ಟರ್' (ಗಟ್ಟಿ ಛಾವಣಿಯಿಲ್ಲದ ತೆರೆದ ಕಾರು) ಎಂಬ ಬಿರುದನ್ನು ಕೊಡುವುದು ಆರಂಭವಾಯಿತು. ಆಳೆತ್ತರವನ್ನೂ ಮೀರಿ ನಿಲ್ಲುವ ಅದರ ಟ್ರೋಫಿಯನ್ನು ಮೊದಲು ಗೆದ್ದದ್ದು ಬಿಲ್ ನೀಕ್ಯಾಂಪ್ ಎಂಬವರ 1929ರ ಫೋರ್ಡ್. ಅದೇ ಕಾರು ಎಲ್ ಮಿರಾಜ್ ಬಯಲಿನಲ್ಲಿ ಗಂಟೆಗೆ 140 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿತು. ಡೆಟ್ರಾಯ್ಟ್‌ನ ಆಟೊರಾಮಾ ಎಂಬ ಕಾರು ಪ್ರದರ್ಶನದಲ್ಲಿ 1964ರಿಂದ ಕೊಡುತ್ತಿರುವ ರಿಡ್ಲರ್ ಪ್ರಶಸ್ತಿಯ ಮೊದಲ ವಿಜೇತ ಆಲ್ ಬರ್ಗ್ಲರ್ ಅವರ ಕಾರಂತೂ ನೇರವಾಗಿ ಡ್ರ್ಯಾಗ್ ರೇಸಿನದು, ಅಂದರೆ ನೇರ ದಾರಿಯ ಚಿಕ್ಕ ದೂರದ ವೇಗದ ಓಟದ್ದು. ಅದರ ತಗಡಿನ ಕೆಲಸ ಅವರ ಕೈಯದೇ. ಸುಂದರವಾದದ್ದು ಓಡಲೂ ಬೇಕು, ಓಡಿಸುವವನೇ ಕಟ್ಟಿರಬೇಕು ಎಂಬುದನ್ನು ಆಗ ಯಾರೂ ನಿಯಮವಾಗಿ ಬರೆಯುವ ಅಗತ್ಯವಿರಲಿಲ್ಲ.

ಇಂದಿನ ರಿಡ್ಲರ್ ನಿಯಮದ ಪ್ರಕಾರ ಸ್ಪರ್ಧೆಗೆ ಬರುವ ಕಾರು ಅದಕ್ಕೆ ಮೊದಲು ಬೇರೆಲ್ಲಿಯೂ ಪ್ರದರ್ಶನಗೊಂಡಿರಬಾರದು. ಅದನ್ನು ಕಟ್ಟಲು ಹಲವು ವರ್ಷ ಹಿಡಿಯುತ್ತದೆ, ಹಲವು ಲಕ್ಷ ಡಾಲರ್ ಬೇಕಾಗುತ್ತದೆ. ಕಟ್ಟುವುದು ಹೆಸರಾಂತ ಕಾರ್ಯಾಗಾರ, ಹಣ ಕೊಡುವುದು ಮಾಲೀಕ. ಕಾರು ಮುಚ್ಚಿದ ಟ್ರೇಲರಿನಲ್ಲಿ ಬರುತ್ತದೆ. ಹೊಟ್ಟೆಯ ಕೆಳಗಿನ ಬೋಲ್ಟು ಕೂಡ ಹೊಳೆಯುತ್ತಿದೆಯೆಂದು ತೋರಿಸಲು ನೆಲದಲ್ಲಿ ಕನ್ನಡಿ ಹಾಸಿರುತ್ತಾರೆ. ಕೆಲಸಗಾರರ ಕೈಚಳಕವನ್ನು ನಾನು ಹೀಗಳೆಯುತ್ತಿಲ್ಲ, ಅದು ಬೆರಗುಗೊಳಿಸುವಂಥದ್ದೇ. ನನ್ನ ತಕರಾರು ಇಷ್ಟೇ: ಇಸವಿಯ ಗೇಟನ್ನು ಯಾರಾದರೂ ಓದಬಹುದು, ಓದಿ ಜಗಳವಾಡಬಹುದು, ಮರ್ಕ್ಯುರಿಯವರಂತೆ ಎದ್ದು ಹೋಗಿ ಬೇರೆ ಮೇಳ ಕಟ್ಟಬಹುದು. ಹಣದ ಗೇಟಿನ ಮೇಲೆ ಏನೂ ಬರೆದಿರುವುದಿಲ್ಲ. ಸಂಬಳ ಉಳಿಸಿ ಮನೆಯ ಹಿತ್ತಿಲಲ್ಲಿ ಕಾರು ಕಟ್ಟುವವನನ್ನು ಅಲ್ಲಿ ಯಾರೂ ತಡೆಯುವುದಿಲ್ಲ. ಅವನಿಗೆ ಬಹುಮಾನ ಸಿಗುವುದಿಲ್ಲ, ಅಷ್ಟೆ. ನಮ್ಮ ಕಡೆಯ ಪಂಕ್ತಿಭೇದವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಊಟ ಎಲ್ಲರಿಗೂ ಇದೆ, ಎಲೆ ಹಾಕುವ ಜಾಗ ಮಾತ್ರ ಬೇರೆ.

ಈ ಹಣದ ಗೇಟಿಗೆ ಒಂದು ಪ್ರತಿಭಟನೆಯೂ ಹುಟ್ಟಿತು. 1980ರ ದಶಕದಲ್ಲಿ ಬಾಯ್ಡ್ ಕಾಡಿಂಗ್ಟನ್ ಮೊದಲಾದವರ ಕಾರ್ಯಾಗಾರಗಳು ಇಡೀ ಅಲ್ಯೂಮಿನಿಯಂ ದಿಮ್ಮಿಯನ್ನು ಯಂತ್ರದಲ್ಲಿ ಕೊರೆದು ಚಕ್ರ, ಕನ್ನಡಿ, ಹಿಡಿಗಳನ್ನು ಮಾಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವು. ಇದಕ್ಕೆ ಬಿಲೆಟ್ ಎನ್ನುತ್ತಾರೆ. 1997ರಲ್ಲಿ ಉತ್ತರ ಕ್ಯಾಲಿಫೋರ್ನಿಯದ ಕೆಲವು ಯುವಕರು ಬಿಲೆಟ್‌ಪ್ರೂಫ್ ಎಂಬ ಮೇಳವನ್ನೇ ಆರಂಭಿಸಿದರು. ಹೆಸರೇ ಹೇಳುವಂತೆ ಬಿಲೆಟ್ ಸಾಮಾನು ಅಲ್ಲಿ ನಿಷಿದ್ಧ. 2002ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಶುರುವಾದ ಲೋನ್‌ಸ್ಟಾರ್ ರೌಂಡ್ ಅಪ್ 1963ರಲ್ಲಿ ಗೆರೆ ಎಳೆಯಿತು. ಬಡವನ ಪರವಾಗಿ ಹುಟ್ಟಿದ ಈ ಗೇಟುಗಳು ಬಹಳ ಕಾಲ ಬಡವನ ಪರವಾಗಿ ಉಳಿಯಲಿಲ್ಲ. ಎಲ್ಲರೂ ಹಳೆಯ ಕಾಲದ ಬಿಡಿಭಾಗಗಳನ್ನೇ ಹುಡುಕತೊಡಗಿದಾಗ ಗುಜರಿಯ ಸಾಮಾನಿಗೆ ಬಂಗಾರದ ಬೆಲೆ ಬಂತು. ಮೂಲ ಫೋರ್ಡ್ ಉಕ್ಕಿನ ಮೈ ಇರುವವನು ಫೈಬರ್‌ಗ್ಲಾಸ್ ಮೈಯವನನ್ನು ಕೀಳಾಗಿ ಕಂಡನು. ಒಹಾಯೊದ ಬ್ರೂಕ್‌ವಿಲ್ ಸಂಸ್ಥೆ ಹೊಸ ಉಕ್ಕಿನಲ್ಲಿ ಹಳೆಯ ಮೈಯನ್ನೇ ಒತ್ತಿ ಮಾರತೊಡಗಿದಾಗ, ಉಕ್ಕು ಹಳೆಯದೋ ಹೊಸದೋ ಎಂಬ ಹೊಸ ಮಡಿ ಹುಟ್ಟಿಕೊಂಡಿತು.

ಬರೆಯದ ಗೇಟುಗಳ ಪೈಕಿ ಎಲ್ಲಕ್ಕಿಂತ ಎತ್ತರದ್ದು ಬೇರೆ ಇತ್ತು. ಲಾಸ್ ಏಂಜಲೀಸಿನ ಪೂರ್ವ ಭಾಗದ ಮೆಕ್ಸಿಕನ್ ಮೂಲದ ಯುವಕರು ತಮ್ಮ ಷೆವರ್ಲೆಗಳನ್ನು ನೆಲಕ್ಕಿಳಿಸಿ ಬೀದಿಯಲ್ಲಿ ನಿಧಾನವಾಗಿ ಓಡಿಸುತ್ತಿದ್ದರು. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಕಾರಿನ ಮೈ ಇಳಿಯಬಾರದೆಂದು ಕ್ಯಾಲಿಫೋರ್ನಿಯ 1958ರಲ್ಲಿ ಕಾನೂನು ತಂದಿತು. ಮರುವರ್ಷವೇ ರಾನ್ ಅಗೀರೆ ಎಂಬ ತರುಣ ತನ್ನ 1957ರ ಕಾರ್ವೆಟ್‌ಗೆ ಹೈಡ್ರಾಲಿಕ್ ಪಂಪುಗಳನ್ನು ಕೂರಿಸಿದನು: ಪೊಲೀಸರು ಕಂಡರೆ ಕಾರು ಮೇಲೇಳುತ್ತದೆ, ಅವರು ಹೋದರೆ ಕೆಳಗಿಳಿಯುತ್ತದೆ. ಇಷ್ಟು ಜಾಣತನದ ಯಂತ್ರಕಲೆಯನ್ನು ಹಾಟ್ ರಾಡ್ ಲೋಕ ತನ್ನದೆಂದು ಅಪ್ಪಿಕೊಳ್ಳಬೇಕಿತ್ತು. ಆದರೆ ಲೋರೈಡರ್ ಎಂಬ ಹೆಸರೇ ಬೇರೆ ಕೇರಿಯದಾಯಿತು. ಅವರ ಪತ್ರಿಕೆ 1977ರಲ್ಲಿ ಸ್ಯಾನ್ ಹೋಸೆಯಲ್ಲಿ ಬೇರೆಯಾಗಿಯೇ ಹುಟ್ಟಿತು, ಅವರ ಮೇಳಗಳೂ ಬೇರೆಯಾದವು. ಇದನ್ನು ಬಿಳಿಯರು ಮತ್ತು ಇತರರ ನಡುವಿನ ನೇರ ಗೆರೆಯೆಂದೂ ಹೇಳಲಾಗದು. 1952ರಲ್ಲಿ ಬ್ಯಾರಿಸ್ ಸಹೋದರರ ಕಾರ್ಯಾಗಾರದಲ್ಲಿ ಸಿದ್ಧವಾದ, ಕಸ್ಟಮ್ ಕಾರುಗಳಲ್ಲೇ ಅತಿ ಪ್ರಸಿದ್ಧವಾದ 1951ರ ಮರ್ಕ್ಯುರಿಯ ಒಡೆಯ ಬಾಬ್ ಹಿರೊಹಾಟ ಜಪಾನಿ ಮೂಲದವರು. ಆ ಮರ್ಕ್ಯುರಿಯೂ, ಜೆಸ್ಸಿ ವಲಾಡೆಜ್ ಅವರ ಗುಲಾಬಿ ಹೂಗಳ 'ಜಿಪ್ಸಿ ರೋಸ್' ಎಂಬ 1964ರ ಇಂಪಾಲಾ ಲೋರೈಡರೂ ಇಂದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಯಲ್ಲಿ ಒಟ್ಟಿಗಿವೆ. 1958ರ ಆ ಕಾನೂನು ಮಾತ್ರ 2024ರ ಜನವರಿಯವರೆಗೂ ಜೀವದಿಂದಿತ್ತು.

ಹಾಟ್ ರಾಡಿನವರನ್ನೇ ಹೊರಗಿಟ್ಟಿದ್ದ ಗೇಟೂ ಒಂದಿತ್ತು. ಓಕ್‌ಲೆಂಡ್‌ನಲ್ಲಿ ಆ ಬಿರುದು ಶುರುವಾದ 1950ರಲ್ಲಿಯೇ, ಅದೇ ರಾಜ್ಯದ ಪೆಬಲ್ ಬೀಚ್‌ನಲ್ಲಿ ಸಿರಿವಂತರ ಕಾರುಗಳ ಸೌಂದರ್ಯ ಸ್ಪರ್ಧೆ ಆರಂಭವಾಗಿತ್ತು. ಅಲ್ಲಿನ ಹುಲ್ಲುಹಾಸಿನ ಮೇಲೆ ಹಾಟ್ ರಾಡ್‌ಗೊಂದು ವಿಭಾಗ ಸಿಗಲು 1997ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದದ್ದು ಡೋನ್ ಸ್ಪೆನ್ಸರ್ ದಶಕಗಳ ಹಿಂದೆ ಕಟ್ಟಿದ 1932ರ ಫೋರ್ಡ್ ರೋಡ್‌ಸ್ಟರ್. ಪೆಬಲ್ ಬೀಚ್ ಹಾಟ್ ರಾಡ್‌ಗೆ ಗೇಟು ತೆರೆದ ವರ್ಷವೇ ಹಾಟ್ ರಾಡಿನವರ ಒಂದು ಗುಂಪು ಬಿಲೆಟ್‌ಗೆ ಗೇಟು ಮುಚ್ಚಿತು ಎಂಬುದು ನನಗೆ ಪ್ರತಿ ಸಲವೂ ನಗು ತರಿಸುತ್ತದೆ.

ಪಿಯೋರಿಯಾದವರ ಸಂಘ ಕೊನೆಗೆ 1948ರ ಗೆರೆಯನ್ನು ಅಳಿಸಿ, ಮೂವತ್ತು ವರ್ಷ ತುಂಬಿದ ಕಾರುಗಳೆಲ್ಲ ಬರಬಹುದು ಎಂದಿತು. ಹಳಬರು ಮುನಿದರು, ಆದರೆ ಹಳಬರು ಮುಪ್ಪಾಗುತ್ತಿದ್ದರು, ಮೈದಾನ ಖಾಲಿಯಾಗುತ್ತಿತ್ತು. 1983ರಲ್ಲಿ ಗ್ಯಾರಿ ಮೆಡರ್ಸ್ ಹುಟ್ಟುಹಾಕಿದ, ಇಂಥ ಮೇಳಗಳನ್ನು ನಡೆಸುವ ಗುಡ್‌ಗೈಸ್ ಸಂಸ್ಥೆಯೂ ತನ್ನ ಇಸವಿಯನ್ನು ಮತ್ತೆ ಮತ್ತೆ ಮುಂದಕ್ಕೆ ಸರಿಸಿದೆ. ಅಲ್ಲಿ ಇಸವಿಯ ಜೊತೆಗೆ ಇನ್ನೊಂದು ಷರತ್ತಿದೆ: ಕಾರು ಅಮೆರಿಕದಲ್ಲಿ ತಯಾರಾದದ್ದಾಗಿರಬೇಕು, ಇಲ್ಲವೇ ಅದರಲ್ಲಿ ಅಮೆರಿಕದ ಎಂಜಿನ್ ಇರಬೇಕು. ಫೋರ್ಡ್ ಮೈಯೊಳಗೆ 1955ರ ನಂತರದ ಷೆವರ್ಲೆ ವಿ8 ಎಂಜಿನ್ ಕೂರಿಸುವುದನ್ನು ವಾಡಿಕೆ ಮಾಡಿಕೊಂಡ ಈ ಜನ, ಪರರ ಹೃದಯವನ್ನು ತಮ್ಮ ಕಾರಿಗೆ ಜೋಡಿಸುವುದರಲ್ಲಿ ಎಂದೂ ಸಂಕೋಚಪಟ್ಟವರಲ್ಲ. ಹೀಗಾಗಿ 1970ರ ದಶಕದ ಜಪಾನಿನ ಡಾಟ್ಸನ್ 240ಝಡ್ ಕಾರು ತನ್ನ ಹುಟ್ಟಿನ ಎಂಜಿನ್ ಇಟ್ಟುಕೊಂಡು ಬಂದರೆ ಗೇಟಿನ ಹೊರಗೆ ನಿಲ್ಲುತ್ತದೆ. ಅದೇ ಕಾರು ಷೆವರ್ಲೆ ವಿ8 ಹಾಕಿಸಿಕೊಂಡು ಬಂದರೆ ಒಳಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ.