ನಡುವೆ ಕಡಿದುಹೋಗುವ ಯುಎಸ್‌ಬಿ ಸಂಪರ್ಕ: ದೋಷವಿರುವುದು ಎಲ್ಲಿ?

ಈ ವ್ಲಾಗ್‌ನ ಚಿತ್ರೀಕರಣವೆಲ್ಲ ನಡೆಯುವುದು ಫೋನಿನಲ್ಲಿ, ಸಂಕಲನ ನಡೆಯುವುದು ಲ್ಯಾಪ್‌ಟಾಪಿನಲ್ಲಿ. ಎರಡರ ನಡುವೆ ಇರುವುದು ಒಂದು ಯುಎಸ್‌ಬಿ ಕೇಬಲ್ ಮಾತ್ರ. ಕೆಲವು ದಿನಗಳಿಂದ ಫೋನನ್ನು ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಫೋಲ್ಡರುಗಳೂ ಕಾಣಿಸುತ್ತವೆ, ಆದರೆ ದೊಡ್ಡ ವಿಡಿಯೊ ಕಡತವೊಂದು ಅರ್ಧ ನಕಲಾಗುವಷ್ಟರಲ್ಲಿ ಸಂಪರ್ಕ ತಪ್ಪಿಹೋಗುತ್ತದೆ. ಇದನ್ನು ಸರಿಪಡಿಸುವ ಕೆಲಸವನ್ನೇ ಇಂದು ತೋರಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮನವಿ. ಸಂಪರ್ಕದ ಮೇಲೆ ನಂಬಿಕೆ ಇಲ್ಲದಿರುವಾಗ ಕಡತಗಳನ್ನು ಕಟ್ ಮಾಡಿ ಪೇಸ್ಟ್ ಮಾಡಬೇಡಿ. ಕಾಪಿ ಮಾತ್ರ ಮಾಡಿ, ಲ್ಯಾಪ್‌ಟಾಪಿನಲ್ಲಿ ಆ ವಿಡಿಯೊ ಕೊನೆಯವರೆಗೂ ಓಡುತ್ತದೆಂದು ನೋಡಿದ ಮೇಲೆಯೇ ಫೋನಿನಿಂದ ಅಳಿಸಿ.

ಈಗ ಪರದೆಯ ಮೇಲಿರುವುದು ನನ್ನ ಲಿನಕ್ಸ್ ಲ್ಯಾಪ್‌ಟಾಪಿನ ಕರ್ನಲ್ ಲಾಗ್, ಅಂದರೆ ಸಾಧನಗಳು ಸೇರಿದ್ದು, ಕಳಚಿದ್ದು ಎಲ್ಲವನ್ನೂ ವ್ಯವಸ್ಥೆ ತಾನೇ ಬರೆದಿಡುವ ದಾಖಲೆ. ನಕಲು ನಿಂತ ಕ್ಷಣದಲ್ಲಿಯೇ ಇಲ್ಲಿ 'ಯುಎಸ್‌ಬಿ ಡಿಸ್‌ಕನೆಕ್ಟ್' ಎಂಬ ಸಾಲು ಮೂಡಿದೆ, ಅದರ ಹಿಂದೆಯೇ ಅದೇ ಫೋನು ಹೊಸ ಸಾಧನವೆಂಬಂತೆ ಮುಂದಿನ ಸಂಖ್ಯೆಯೊಂದಿಗೆ ದಾಖಲಾಗಿದೆ. ಆ ಸಂಖ್ಯೆ ಏರುತ್ತಲೇ ಹೋಗುತ್ತಿದ್ದರೆ ಫೋನು ಮತ್ತೆ ಮತ್ತೆ ಕಳಚಿ ಸೇರುತ್ತಿದೆ ಎಂದೇ ಅರ್ಥ. ನಡುನಡುವೆ ಕಾಣುವ ಮೈನಸ್ 71 ಎಂಬ ದೋಷಸಂಖ್ಯೆ ಪ್ರೋಟೋಕಾಲ್ ದೋಷವನ್ನು, ಅಂದರೆ ಎರಡು ಸಾಧನಗಳ ನಡುವಿನ ಮಾತುಕತೆ ನಿಯಮ ತಪ್ಪಿದ್ದನ್ನು, ಸೂಚಿಸುತ್ತದೆ. ಬಹುಮಟ್ಟಿಗೆ ಅದು ತಂತಿಯಲ್ಲಿ ಅಥವಾ ಪೋರ್ಟಿನಲ್ಲಿ ಸಂಕೇತ ಕೆಡುತ್ತಿರುವುದರ ಗುರುತು. ವಿಂಡೋಸ್ ಬಳಸುವವರು ಸ್ಪೀಕರಿನ ಸದ್ದು ಏರಿಸಿಕೊಂಡು ಕುಳಿತರೂ ಸಾಕು, ಸಾಧನ ಕಳಚಿದಾಗ ಒಂದು ದನಿ, ಸೇರಿದಾಗ ಇನ್ನೊಂದು ದನಿ ಕೇಳಿಸುತ್ತದೆ. ಸಂಪರ್ಕವೇ ಕಡಿಯುತ್ತಿದೆಯೋ, ಅಥವಾ ಸಂಪರ್ಕ ಇದ್ದೂ ಕಡತಗಳ ವರ್ಗಾವಣೆ ಮಾತ್ರ ನಿಂತಿದೆಯೋ ಎಂಬುದನ್ನು ಹೀಗೆ ತಿಳಿದುಕೊಳ್ಳದೆ ಡ್ರೈವರುಗಳನ್ನು (ಸಾಧನವನ್ನು ನಡೆಸುವ ತಂತ್ರಾಂಶಗಳನ್ನು) ಕಿತ್ತು ಮರಳಿ ಹಾಕುವುದು ವ್ಯರ್ಥ ಶ್ರಮವೆಂದು ನನ್ನ ದೃಢ ಅಭಿಪ್ರಾಯ.

ಇಲ್ಲಿ ಕಡಿಯುತ್ತಿರುವುದು ಸಂಪರ್ಕವೇ. ಚಾರ್ಜ್ ಆಗುತ್ತಿದೆ, ಆದ್ದರಿಂದ ಕೇಬಲ್ ಸರಿಯಿದೆ ಎಂದು ಹಲವರು ಹೇಳುತ್ತಾರೆ. ಆದರೆ ಯುಎಸ್‌ಬಿ 2.0 ದರ್ಜೆಯಲ್ಲಿ ವಿದ್ಯುತ್ತಿಗೆ ಎರಡು ತಂತಿ, ದತ್ತಾಂಶಕ್ಕೆ ಬೇರೆಯೇ ಎರಡು ತಂತಿ. ಚಾರ್ಜಿಗೆಂದೇ ಮಾಡಿದ ಕೆಲವು ಅಗ್ಗದ ಕೇಬಲ್‌ಗಳಲ್ಲಿ ದತ್ತಾಂಶದ ತಂತಿಗಳು ಇರುವುದೇ ಇಲ್ಲ. ಇರುವ ಕೇಬಲ್‌ಗಳಲ್ಲೂ ಪ್ಲಗ್ಗಿನ ಬುಡದಲ್ಲಿ, ದಿನವೂ ಬಾಗುವ ಜಾಗದಲ್ಲಿ, ತಂತಿ ಸವೆದಿರಬಹುದು. ಆಗ ವಿದ್ಯುತ್ ಹೇಗೋ ಹರಿಯುತ್ತದೆ, ಸೆಕೆಂಡಿಗೆ 480 ಮೆಗಾಬಿಟ್‌ವರೆಗಿನ ವೇಗದ ಸಂಕೇತ ಮಾತ್ರ ತಡೆದುಕೊಳ್ಳುವುದಿಲ್ಲ. ಲಾಗ್ ನೋಡುತ್ತ ಈ ಬುಡವನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದೇನೆ, ನೋಡಿ: ಹೊಸ ಸಾಲು ಮೂಡಿತು.

ಹಾಗಿದ್ದರೂ ಕೇಬಲ್ಲೇ ಕಾರಣವೆಂದು ಈಗಲೇ ತೀರ್ಮಾನಿಸಲಾಗದು, ಏಕೆಂದರೆ ಫೋನಿನ ಪೋರ್ಟಿನಲ್ಲಿ ಪ್ಲಗ್ ಸಡಿಲವಾಗಿದ್ದರೂ ಹೀಗೆಯೇ ಆಗುತ್ತದೆ. ಟೈಪ್-ಸಿ ಪೋರ್ಟಿನ ಪುಟ್ಟ ಬಾಯಿಯಲ್ಲಿ 24 ಪಿನ್ನುಗಳಿರುತ್ತವೆ. ಜೇಬಿನ ನೂಲಿನ ಧೂಳು ಒಳಗೆ ಸೇರಿ, ಪ್ರತಿ ಸಲ ಪ್ಲಗ್ ತೂರಿಸಿದಾಗಲೂ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಪ್ಲಗ್ ಪೂರ್ತಿ ಒಳಹೋಗುವುದಿಲ್ಲ. ಫೋನನ್ನು ಆಫ್ ಮಾಡಿ, ಟಾರ್ಚ್ ಬೆಳಕಿನಲ್ಲಿ, ಮರದ ತೆಳು ಹಲ್ಲುಕಡ್ಡಿಯಿಂದ ಅಂಚಿನ ಧೂಳನ್ನು ಹೊರಗೆಳೆಯುತ್ತಿದ್ದೇನೆ. ನಡುವಿನ ನಾಲಿಗೆಯಂಥ ಪಟ್ಟಿಯ ಮೇಲೆ ಒತ್ತಡ ಬೀಳಬಾರದು, ಸೂಜಿಯನ್ನಂತೂ ಬಳಸಲೇಬಾರದು.

ಪೋರ್ಟ್ ಶುಚಿಯಾಯಿತು, ಪ್ಲಗ್ ಬಿಗಿಯಾಗಿ ಕೂತಿತು, ಆದರೂ ಲಾಗ್‌ನಲ್ಲಿ ಅದೇ ಸಾಲು ಬಂದಿತು. ಈಗ ಲ್ಯಾಪ್‌ಟಾಪಿನ ಅದೇ ಪೋರ್ಟಿಗೆ, ನಡುವೆ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಇಲ್ಲದೆ, ಬೇರೆ ಕೇಬಲನ್ನು ಹಾಕಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ದೋಷ ಎಲ್ಲಿತ್ತೆಂದು ಹೇಳಲು ಸಾಧ್ಯ. ಲಾಗ್ ಈಗ ಮೌನವಾಗಿದೆ, ಹಳೆಯ ಕೇಬಲ್ಲೇ ಕೆಟ್ಟಿತ್ತು.

ಆದರೂ ಸಾವಿರಾರು ಚಿತ್ರಗಳಿರುವ ಫೋಲ್ಡರಿನ ನಕಲು ಮತ್ತೆ ನಿಂತಿದೆ, ಡಿಸ್‌ಕನೆಕ್ಟ್ ಸಾಲು ಮಾತ್ರ ಬಂದಿಲ್ಲ. ಇದು ಎರಡನೆಯ ಬಗೆಯ ತೊಂದರೆ. ಆಂಡ್ರಾಯ್ಡ್ ಫೋನು ಕಡತಗಳನ್ನು ಕೊಡುವುದು ಎಂಟಿಪಿ (ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್) ಎಂಬ ವರ್ಗಾವಣೆ ವಿಧಾನದಲ್ಲಿ. ಅದರಲ್ಲಿ ಸಂಗ್ರಹ ಫೋನಿನ ಹಿಡಿತದಲ್ಲೇ ಇರುತ್ತದೆ, ಲ್ಯಾಪ್‌ಟಾಪು ಒಂದೊಂದಾಗಿ ಬೇಡಿಕೆ ಸಲ್ಲಿಸಬೇಕು, ಒಂದು ಬೇಡಿಕೆ ಸಿಕ್ಕಿಕೊಂಡರೆ ಅದರ ನಂತರ ಬರುವವೆಲ್ಲ ಕಾಯಬೇಕು. ನಕಲಾಗುವಾಗ ಅದೇ ಫೋಲ್ಡರಿನ ಥಂಬ್‌ನೇಲ್‌ಗಳನ್ನು ತೆರೆದಿಡದೆ, ಕಡತಗಳನ್ನು ಸಣ್ಣ ಕಂತುಗಳಲ್ಲಿ ತರುವುದು ಒಂದು ದಾರಿ. ನಾನು ಇಲ್ಲಿ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ (ಲ್ಯಾಪ್‌ಟಾಪಿನ ಆದೇಶಗಳನ್ನು ಫೋನು ಒಪ್ಪಿಕೊಳ್ಳುವಂತೆ ಮಾಡುವ ಆಯ್ಕೆ) ಸಕ್ರಿಯಗೊಳಿಸಿ, ಲ್ಯಾಪ್‌ಟಾಪಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಉಪಕರಣದ 'ಪುಲ್' ಆದೇಶದಿಂದ ಇಡೀ ಫೋಲ್ಡರನ್ನು ತರುತ್ತಿದ್ದೇನೆ, ಏಕೆಂದರೆ ಅದಕ್ಕೆ ಎಂಟಿಪಿಯ ಹಂಗಿಲ್ಲ. ಕೆಲಸ ಮುಗಿದೊಡನೆ ಡೀಬಗ್ಗಿಂಗ್ ಆಯ್ಕೆಯನ್ನು ಮರೆಯದೆ ಆಫ್ ಮಾಡಿ.