ಪಿಲಿಯೋ ಬೆಟ್ಟದ ನೀರು, ಕೆಳಗಿನ ಕಡಲು

ನಮಸ್ಕಾರ ಕೇಳುಗರೇ. ಗ್ರೀಸ್ ಅಂದ ತಕ್ಷಣ ನಮಗೆ ನೆನಪಾಗೋದು ಸುಣ್ಣ ಬಳಿದ ಬಿಳಿ ಮನೆ, ನೀಲಿ ಗುಮ್ಮಟ, ಬೋಳು ಬಂಡೆ, ಬಿಸಿಲು. ಕ್ಯಾಲೆಂಡರ್‌ನಲ್ಲಿ ನೋಡಿ ನೋಡಿ ನಾನೂ ಹಂಗೇ ಅಂದ್ಕೊಂಡಿದ್ದೆ. ಪಿಲಿಯೋಗೆ ಹೋದ್ರೆ ಎಲ್ಲಾ ಉಲ್ಟಾ, ದಾರಿ ಪಕ್ಕ ಝರಿ, ಕಲ್ಲಿಗೆ ಪಾಚಿ, ಚಪ್ಪಡಿ ಕಲ್ಲು ಹೊದಿಸಿದ ಮಾಡು, ಊರೂರಿಗೂ ಸದಾ ನೀರು ಸುರಿಯೋ ಕಲ್ಲಿನ ನಲ್ಲಿ.

ಇಂಗ್ಲಿಷ್ ಪುಸ್ತಕದಲ್ಲಿ ಇದನ್ನ ಪೀಲಿಯನ್ ಅಂತಾರೆ. ಅಥೆನ್ಸ್‌ಗೂ ಥೆಸಲೊನೀಕಿಗೂ ಮಧ್ಯೆ ವೋಲೋಸ್ ಅಂತ ಒಂದು ಬಂದರು ಪಟ್ಟಣ ಇದೆ, ಅದರ ಬೆನ್ನಿಗೇ ಎದ್ದಿರೋ 1,600 ಮೀಟರ್ ಮೀರಿದ ಬೆಟ್ಟ ಇದು, ಬಾಲ ಮಾತ್ರ ಕೊಕ್ಕೆ ಥರ ಬಾಗಿ ಸಮುದ್ರದೊಳಗೆ ಹೋಗಿದೆ. ಒಂದು ಕಡೆ ಶಾಂತವಾದ ಪಗಸಿಟಿಕ್ ಕೊಲ್ಲಿ, ಇನ್ನೊಂದು ಕಡೆ ಅಬ್ಬರದ ಏಜಿಯನ್ ಸಮುದ್ರ. ಏಜಿಯನ್‌ನಿಂದ ಬರೋ ತೇವದ ಗಾಳಿ ಬೆಟ್ಟಕ್ಕೆ ಬಡಿದು ಅಲ್ಲೇ ಮಳೆ ಸುರಿಸತ್ತೆ, ನಮ್ಮ ಘಟ್ಟದ ಕಥೆನೇ ಅಂದ್ಕೊಳ್ಳಿ. ಅದಕ್ಕೇ ಪೂರ್ವದ ಕಡೆ ಚೆಸ್ಟ್‌ನಟ್ ಕಾಡು, ಜಗೋರಾ ಅನ್ನೋ ಊರಲ್ಲಿ ಸೇಬಿನ ತೋಟ. ಅಲ್ಲಿನ ಸೇಬು ಬೆಳೆಗಾರರ ಸಹಕಾರ ಸಂಘ ಶುರುವಾಗಿದ್ದು 1916ರಲ್ಲಿ, ಇವತ್ತಿಗೂ ನಡೀತಿದೆ.

ಪುರಾಣದಲ್ಲಿ ಇದು ಅರ್ಧ ಮನುಷ್ಯ ಅರ್ಧ ಕುದುರೆಯಾಗಿರೋ ಸೆಂಟಾರ್‌ಗಳ ಬೆಟ್ಟ. ಅವರಲ್ಲಿ ಖೈರಾನ್ ಅನ್ನೋನು ಟ್ರಾಯ್ ಯುದ್ಧದ ವೀರ ಅಖಿಲೀಸ್‌ಗೆ ವಿದ್ಯೆ ಕಲಿಸಿದ ಗುರು. ಚಿನ್ನದ ಉಣ್ಣೆ ಹುಡುಕ್ಕೊಂಡು ಹೊರಟ ಜೇಸನ್ನನ ಆರ್ಗೋ ಹಡಗಿಗೆ ಮರ ಕಡಿದಿದ್ದೂ ಇಲ್ಲೇ ಅಂತಾರೆ. ಕಾಡು ನೋಡಿದ್ರೆ ನಂಬ್ಬೋದು ಅನ್ಸತ್ತೆ ಬಿಡಿ.

ನಾನು ಇಳ್ಕೊಂಡಿದ್ದು ತ್ಸಂಗರಾಡಾದಲ್ಲಿ. ವೋಲೋಸ್‌ನಿಂದ 50 ಕಿಲೋಮೀಟರ್ ಕೂಡ ಇಲ್ಲ, ಆದ್ರೆ ಬಸ್ಸಿಗೆ ಒಂದೂವರೆ ಗಂಟೆ ಹಿಡೀತು, ತಿರುವು ಮುಗಿಯೋದೇ ಇಲ್ಲ, ಹೊಟ್ಟೆ ತೊಳಸೋರು ಮುಂದಿನ ಸೀಟು ಹಿಡೀರಿ. ಊರಿನ ಚರ್ಚ್ ಮುಂದೆ ಒಂದು ಭಾರೀ ಚಿನಾರ್ ಮರ, ಹೌದು, ಕಾಶ್ಮೀರದಲ್ಲಿರತ್ತಲ್ಲ ಅದೇ ಜಾತಿ. ಸಾವಿರ ವರ್ಷದ್ದು ಅಂತ ಊರೋರ ಮಾತು. ಕೊಂಬೆ ಒಂದೊಂದೂ ನಮ್ಮ ಕಡೆ ಒಂದು ಪೂರ್ತಿ ಮರದಷ್ಟು ದಪ್ಪ. ಕೆಳಗೆ ಕುರ್ಚಿ ಹಾಕ್ಕೊಂಡು ನಾಲ್ಕು ಜನ ಅಜ್ಜಂದಿರು, ಮಾತಿಲ್ಲ ಕಥೆಯಿಲ್ಲ, ಒಂದೊಂದು ಕಾಫಿ ಇಟ್ಕೊಂಡು ಕೂತಿದ್ರು.

ಅಲ್ಲಿಂದ ಕಡಲಿಗೆ ಕಾರಲ್ಲೂ ಹೋಗ್ಬೋದು, ಆದ್ರೆ ಹೋಗ್ಬೇಡಿ. ಹೇಸರಗತ್ತೆ ಓಡಾಡ್ಲಿ ಅಂತ ಹಿಂದಿನವರು ಕಲ್ಲು ಹಾಸಿದ ಕಾಲುದಾರಿ ಇದೆ, ಕಾಲ್ದೆರಿಮಿ ಅಂತಾರೆ. ಮೆಟ್ಟಿಲು ಮೆಟ್ಟಿಲಾಗಿ ದಮೂಹಾರಿ ಅನ್ನೋ ಪುಟ್ಟ ಬಂದರಿಗೆ ಇಳಿಯತ್ತೆ. ಮೊದಲು ಚೆಸ್ಟ್‌ನಟ್ ನೆರಳು, ಆಮೇಲೆ ಆಲಿವ್ ತೋಟ, ಆಮೇಲೆ ಇದ್ದಕ್ಕಿದ್ದಂಗೆ ನೀಲಿ. ಕಲ್ಲು ಸವೆದು ಜಾರತ್ತೆ, ನಾನು ಹವಾಯಿ ಚಪ್ಪಲಿ ಹಾಕ್ಕೊಂಡ್ ಹೋಗಿ ಎರಡು ಸಲ ಕುಂಡಿ ಊರಿದೆ. ಬೀಚ್ ಅಂದ್ರೆ ಮೈಲೋಪೊಟಮೋಸ್ ಹೆಸರುವಾಸಿ, ಬಂಡೆ ಕೊರೆದ ಕಿಂಡಿಯಲ್ಲಿ ನುಗ್ಗಿ ಪಕ್ಕದ ಬೀಚಿಗೆ ಹೋಗ್ಬೋದು. ಬೆಳಿಗ್ಗೆನೇ ಹೋಗಿ, ಸೂರ್ಯ ಬೆಟ್ಟದ ಹಿಂದೆ ಬೇಗ ಇಳೀತಾನೆ, ಸಾಯಂಕಾಲಕ್ಕೆ ಎಲ್ಲಾ ನೆರಳಾಗಿ ಚಳಿ.

ಮಿಲಿಯೆಸ್ ಊರಿಗೆ ಹೋಗಿದ್ದು ರೈಲಿಗೋಸ್ಕರ. 60 ಸೆಂಟಿಮೀಟರ್ ಅಗಲದ ಆಟಿಕೆ ಥರದ ಹಳಿ, ಊರೋರು ಇಟ್ಟ ಹೆಸರು ಮುಟ್ಜೂರಿಸ್, ಅಂದ್ರೆ ಮಸಿ ಮೂತಿಯೋನು. ಹಳಿ ಹಾಕಿಸಿದ ಎಂಜಿನಿಯರ್ ಇಟಲಿಯ ಎವಾರಿಸ್ಟೋ ದೆ ಕಿರಿಕೋ. ಅವರ ಮಗ ಜಾರ್ಜಿಯೋ 1888ರಲ್ಲಿ ವೋಲೋಸ್‌ನಲ್ಲೇ ಹುಟ್ಟಿ ಮುಂದೆ ದೊಡ್ಡ ಚಿತ್ರಕಾರ ಆದ, ಅವನ ಚಿತ್ರಗಳಲ್ಲಿ ದೂರದಲ್ಲಿ ಹೊಗೆ ಬಿಡೋ ಪುಟ್ಟ ರೈಲು ಬರೋದು ಸುಮ್ನೆ ಅಲ್ಲ. 1971ರಲ್ಲಿ ರೈಲು ನಿಂತಿತ್ತು, ಆಮೇಲೆ ಪ್ರವಾಸಿಗಳಿಗೆ ಅಂತ ಮತ್ತೆ ಓಡಿಸಿದ್ರು, ಹೋಗೋ ಮುಂಚೆ ವಿಚಾರಿಸ್ಕೊಳ್ಳಿ. ನಾನು ಹಳಿ ಪಕ್ಕ ನಡ್ಕೊಂಡೇ ಕಬ್ಬಿಣದ ಸೇತುವೆ ತನಕ ಹೋದೆ. ಸೇತುವೆ ನೇರ ಇದೆ, ಅದರ ಮೇಲಿನ ಹಳಿ ಮಾತ್ರ ಬಾಗಿದೆ! ಎಷ್ಟು ಹೊತ್ತು ನಿಂತು ನೋಡಿದೆನೋ ಗೊತ್ತಿಲ್ಲ.

ಈ ಬೆಟ್ಟದ ನೀರಿಗೆ ಇನ್ನೊಂದು ಮುಖನೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಅನ್ನೋ ಚಂಡಮಾರುತ ಬಂದಾಗ ಜಗೋರಾದಲ್ಲಿ ಒಂದೇ ದಿನ 750 ಮಿಲಿಮೀಟರ್ ದಾಟಿ ಮಳೆ ಬಿತ್ತು. ಆಗುಂಬೆಯವರೂ ಹುಬ್ಬೇರಿಸೋ ಲೆಕ್ಕ. ರಸ್ತೆ ಕೊಚ್ಚಿಹೋದ್ವು, ಬೀಚುಗಳು ಚೂರಾದ್ವು. ರೂಮ್ ಕೊಟ್ಟ ಅಮ್ಮ ತನ್ನ ಸೊಂಟದ ಹತ್ರ ಕೈ ಇಟ್ಟು "ಇಷ್ಟು" ಅಂದ್ರು, ಆಮೇಲೆ ಅದೇ ಕೈಯಲ್ಲಿ ನನ್ನ ಬಾಟ್ಲಿ ಇಸ್ಕೊಂಡು ನಲ್ಲಿಯಿಂದ ತುಂಬಿಸಿ ಕೊಟ್ರು.

ವಾಪಸ್ ಹೋಗೋ ದಿನ ವೋಲೋಸ್ ಕಡಲ ದಂಡೇಲಿ ತ್ಸಿಪೂರೋ ಅಂಗಡಿಗೆ ಕೂತೆ. ತ್ಸಿಪೂರೋ ಅಂದ್ರೆ ದ್ರಾಕ್ಷಿ ಚರಟದಿಂದ ಇಳಿಸೋ ಸಾರಾಯಿ, ಪುಟ್ಟ ಬಾಟ್ಲಿ. ಬಾಟ್ಲಿ ಹೇಳಿದ್ರೆ ಸಾಕು, ಜೊತೆಗೆ ನೆಂಚ್ಕೊಳ್ಳೋಕೆ ಒಂದು ತಟ್ಟೆ ತಾನಾಗೇ ಬರತ್ತೆ, ಪ್ರತಿ ಬಾಟ್ಲಿಗೂ ಬೇರೆ ಬೇರೆ. 1922ರ ನಂತರ ಏಷ್ಯಾ ಮೈನರ್‌ನಿಂದ, ಅಂದ್ರೆ ಇವತ್ತಿನ ಟರ್ಕಿಯಿಂದ, ಬಂದ ಗ್ರೀಕ್ ನಿರಾಶ್ರಿತರ ಕಾಲದಿಂದ ಬೆಳೆದ ಪದ್ಧತಿ ಅಂತೆ. ಹೆಚ್ಚಾಗಿ ಮೀನೇ, ಸಸ್ಯಾಹಾರಿಗಳು ಮೊದಲೇ ಹೇಳ್ಬಿಡಿ. ಮುಂದಿನ ತಟ್ಟೇಲಿ ಏನ್ ಬರತ್ತೋ ನೋಡೋಣ ಅಂತ ಇನ್ನೊಂದು, ಮತ್ತಿನ್ನೊಂದು ಹೇಳಿದ್ದಾಯ್ತು. ಅಥೆನ್ಸ್ ಬಸ್ಸು ಹೊರಟುಹೋಯ್ತು. ಮುಂದಿನ ಬಸ್ ಬರೋ ತನಕ ಸ್ಟ್ಯಾಂಡ್‌ನಲ್ಲಿ ಕೂತು ಬ್ಯಾಗಲ್ಲಿದ್ದ ಜಗೋರಾ ಸೇಬು ತಿಂದೆ.